ಭುಜದ ನೋವೂ ‘ಹರಿದಿದೆ’ ಎಂಬ ಮಾತೂ

ತಲೆಗಿಂತ ಎತ್ತರದ ಕಪಾಟಿನ ಮೇಲೆ ಪುಸ್ತಕ ತುಂಬಿದ ಪೆಟ್ಟಿಗೆಯೊಂದನ್ನು ಏರಿಸುತ್ತಿದ್ದಾಗ ನನ್ನ ಬಲಭುಜದಲ್ಲಿ ಛಳಕ್ಕೆಂದು ಏನೋ ಎಳೆದಂತಾಯಿತು. ಪೆಟ್ಟಿಗೆ ಕೈತಪ್ಪಲಿಲ್ಲ, ಸದ್ದಾಗಲಿಲ್ಲ, ಊತವೂ ಕಾಣಲಿಲ್ಲ. ಸಂಜೆ ಅಂಗಿ ಬದಲಿಸಲು ತೋಳನ್ನು ಹಿಂದಕ್ಕೆ ಒಯ್ದಾಗ ಮಾತ್ರ ಉಸಿರು ಕಟ್ಟಿದಂತಾಗಿ, ಅರ್ಧ ಕಳಚಿದ ಅಂಗಿಯಲ್ಲೇ ಕೆಲಹೊತ್ತು ನಿಲ್ಲಬೇಕಾಯಿತು. ಹದಿನೈದು ದಿನಗಳಲ್ಲಿ ಹೋಗಬಹುದೆಂದು ನಾನು ಎಣಿಸಿದ್ದ ಆ ನೋವು 14 ತಿಂಗಳು ನನ್ನೊಂದಿಗಿತ್ತು. ಮೊದಲ ವಾರದಲ್ಲಿ ಅದನ್ನು ಹುಟ್ಟಿಸಿದ ಕಾರಣಗಳೇ ಹತ್ತನೆಯ ತಿಂಗಳಲ್ಲೂ ಅದನ್ನು ಸಾಕುತ್ತಿರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಇಲ್ಲಿ ಹೇಳಬೇಕೆನಿಸಿರುವುದು ಮುಖ್ಯವಾಗಿ ಅದನ್ನೇ.

ಕನ್ನಡದಲ್ಲಿ ಭುಜ, ಹೆಗಲು, ರಟ್ಟೆ ಎಂದು ಬೇರೆ ಬೇರೆ ಮಾತುಗಳಿವೆ. ಹೊರೆ ಹೊರುವುದು ಹೆಗಲು, ಕೀಲು ತಿರುಗುವುದು ಭುಜದಲ್ಲಿ, ಭುಜಕ್ಕೂ ಮೊಣಕೈಗೂ ನಡುವಿನ ಮಾಂಸಲ ಭಾಗ ರಟ್ಟೆ. ಎಲ್ಲಿ ನೋವೆಂದು ವೈದ್ಯರು ಕೇಳಿದಾಗ ನಾನು ತೋರಿಸಿದ್ದು ರಟ್ಟೆಯನ್ನು. ಭುಜದ ಆಳದಿಂದ ಬರುವ ನರತಂತುಗಳೂ ರಟ್ಟೆಯ ಹೊರಮೈಯಿಂದ ಬರುವ ನರತಂತುಗಳೂ ಬೆನ್ನುಹುರಿಯಲ್ಲಿ ಸರಿಸುಮಾರು ಒಂದೇ ಮಟ್ಟಕ್ಕೆ ಬಂದು ಸೇರುವುದರಿಂದ, ಸುದ್ದಿ ಹೊರಟದ್ದು ಎಲ್ಲಿಂದ ಎಂಬುದನ್ನು ಮಿದುಳು ಕರಾರುವಾಕ್ಕಾಗಿ ಗುರುತಿಸಲಾರದು. ಈ ಗೊಂದಲ ಕೆಲವೊಮ್ಮೆ ಅಪಾಯಕಾರಿಯೂ ಆಗಬಲ್ಲದು. ಹೃದಯದ ತೊಂದರೆ ಎಡಭುಜದ ನೋವಾಗಿ ಕಾಣಿಸಿಕೊಳ್ಳಬಹುದು. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಗೆ ಹೋಗುವ ನರ ಕತ್ತಿನ 3ರಿಂದ 5ನೆಯ ನರಮೂಲಗಳಿಂದ ಹೊರಡುವುದರಿಂದ, ಆ ಪರದೆಯನ್ನು ಕೆರಳಿಸುವ ಪಿತ್ತಕೋಶದ ತೊಂದರೆಯು ಬಲಭುಜದ ತುದಿಯಲ್ಲಿ ನೋಯಬಹುದು. ಎದೆಬಿಗಿತ, ಬೆವರು, ಉಸಿರಾಟದ ಕಷ್ಟ ಜೊತೆಗೂಡಿದ್ದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಬಿದ್ದ ನಂತರ ಭುಜದ ಆಕಾರವೇ ಬದಲಾಗಿದ್ದರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಮುಂದೆ ನಾನು ಹೇಳಲಿರುವ ಯಾವ ಮಾತೂ ಅಂಥ ನೋವಿಗೆ ಸಲ್ಲುವುದಿಲ್ಲ.

ದೇಹದ ದೊಡ್ಡ ಕೀಲುಗಳಲ್ಲಿ ಭುಜದಷ್ಟು ಸ್ವಾತಂತ್ರ್ಯವಿರುವ ಕೀಲು ಇನ್ನೊಂದಿಲ್ಲ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಗುಂಡು ಆಳವಾದ ಗೂಡಿನಲ್ಲಿ ಭದ್ರವಾಗಿ ಕುಳಿತಿರುತ್ತದೆ. ಭುಜದಲ್ಲಾದರೋ ತೋಳಿನ ಮೂಳೆಯ ಗುಂಡಿಗೆ ಸಿಕ್ಕಿರುವುದು ಆಳವಿಲ್ಲದ ಒಂದು ಚಿಕ್ಕ ತಟ್ಟೆ ಮಾತ್ರ. ಆ ಗುಂಡು ತಟ್ಟೆಯಿಂದ ಜಾರದಂತೆ ಸುತ್ತ ಹಿಡಿದಿರುವುದು ನಾಲ್ಕು ಸ್ನಾಯುಗಳು ಮತ್ತು ಅವುಗಳನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು. ಇವನ್ನು ಒಟ್ಟಾಗಿ ರೋಟೇಟರ್ ಕಫ್ ಎನ್ನುತ್ತಾರೆ. ಕೈಯನ್ನು ಬೆನ್ನ ಹಿಂದೆ ಒಯ್ಯಲೂ ಆಕಾಶದತ್ತ ಎತ್ತಲೂ ಕಲ್ಲೆಸೆಯಲೂ ನಮಗೆ ಸಾಧ್ಯವಾಗಿರುವುದು ಮೂಳೆಯ ಭದ್ರತೆಯನ್ನು ಬಿಟ್ಟುಕೊಟ್ಟು ಮಾಂಸದ ಆಸರೆಯನ್ನು ನೆಚ್ಚಿಕೊಂಡ ಈ ಏರ್ಪಾಡಿನಿಂದ. ತೋಳು ಎತ್ತಿದಾಗಲೆಲ್ಲ ಈ ರಜ್ಜುಗಳ ಮೇಲೆ ಭಾರ ಬೀಳುತ್ತದೆ; ಅಭ್ಯಾಸವಿಲ್ಲದ ಭಾರ ಒಮ್ಮೆಲೇ ಬಿದ್ದರೆ ಅವು ಕೆರಳುತ್ತವೆ. ಕೆರಳಿದ ಜಾಗದಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳು ನರದ ತುದಿಗಳ ಸಂವೇದನೆಯನ್ನು ಹೆಚ್ಚಿಸುತ್ತವೆ. ಆಗ ಮೊದಲು ನೋಯದ ಚಲನೆಯೂ ನೋಯುತ್ತದೆ. ನನ್ನ ಮೊದಲ ಎರಡು ವಾರಗಳ ನೋವು ಹೀಗೆ ಅರ್ಥವಾಗುವಂಥದ್ದಾಗಿತ್ತು, ಉಪಯೋಗಕ್ಕೂ ಬರುವಂಥದ್ದಾಗಿತ್ತು. ಪೆಟ್ಟಿಗೆಗಳನ್ನು ಎತ್ತಬೇಡ ಎಂದಿತು, ಎತ್ತಲಿಲ್ಲ.

ಐದನೆಯ ವಾರದಲ್ಲಿ ಎಂಆರ್‌ಐ ಮಾಡಿಸಿದೆ. ನೋವು ಅರ್ಧಕ್ಕರ್ಧ ಇಳಿದಿದ್ದಾಗ ಸ್ಕ್ಯಾನ್ ಏಕೆ ಬೇಕಿತ್ತು ಎಂದು ಇಂದು ಕೇಳಿದರೆ, ಒಳಗೇನಾಗಿದೆ ಎಂದು ಕಣ್ಣಾರೆ ಕಂಡ ಹೊರತು ಸಮಾಧಾನವಿಲ್ಲದ ನನ್ನ ಸ್ವಭಾವವನ್ನೇ ಕಾರಣವಾಗಿ ಹೇಳಬೇಕಾಗುತ್ತದೆ. ವರದಿ ಓದಿದ ವೈದ್ಯರು, ‘ರಜ್ಜು ಸ್ವಲ್ಪ ಹರಿದಿದೆ, ಜೋಪಾನ’ ಎಂದರು. ಅವರ ಮುಂದೆ ಸಾಲಿನಲ್ಲಿ ಇನ್ನೂ ಹಲವರು ಕಾದಿದ್ದರು. ಆ ಮೂರು ನಾಲ್ಕು ಪದಗಳಿಗಿಂತ ಹೆಚ್ಚು ಸಮಯ ಅವರಲ್ಲಿರಲಿಲ್ಲ. ನಾನು ಮನೆಗೆ ಹೊತ್ತು ತಂದದ್ದು ಅವುಗಳಲ್ಲಿ ಒಂದನ್ನೇ. ಹರಿದಿದೆ ಎಂದರೆ ನಮ್ಮ ಭಾಷೆಯಲ್ಲಿ ಬಟ್ಟೆ ಹರಿದಂತೆ, ಹಗ್ಗ ಹರಿದಂತೆ. ಹರಿದ ಬಟ್ಟೆಯನ್ನು ಎಳೆದರೆ ಇನ್ನಷ್ಟು ಹರಿಯುತ್ತದೆ. ಅಂದಿನಿಂದ ನಾನು ನನ್ನ ಬಲತೋಳನ್ನು ಹರಿದ ಬಟ್ಟೆಯಂತೆಯೇ ನೋಡಿಕೊಳ್ಳತೊಡಗಿದೆ.

ಆ ದಿನ ನನಗೆ ಗೊತ್ತಿಲ್ಲದಿದ್ದ ಒಂದೆರಡು ಸಂಗತಿಗಳಿವೆ. ಭುಜದಲ್ಲಿ ಯಾವ ನೋವೂ ಇಲ್ಲದ 96 ಜನರ ಎಂಆರ್‌ಐ ತೆಗೆದು 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಶೇಕಡಾ 34ರಷ್ಟು ಜನರ ರೋಟೇಟರ್ ಕಫ್‌ನಲ್ಲಿ ಹರುಕು ಕಂಡಿತ್ತು. 60 ವರ್ಷ ದಾಟಿದವರಲ್ಲಿ ಆ ಪ್ರಮಾಣ ಶೇಕಡಾ 54. ಇವರೆಲ್ಲರೂ ನೋವಿಲ್ಲದೆ ಓಡಾಡಿಕೊಂಡಿದ್ದವರು. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 40ರಿಂದ 70 ವರ್ಷದೊಳಗಿನ, ಭುಜನೋವಿಲ್ಲದ 51 ಗಂಡಸರನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದಾಗ ಶೇಕಡಾ 96ರಷ್ಟು ಜನರಲ್ಲಿ ಒಂದಲ್ಲ ಒಂದು ವ್ಯತ್ಯಾಸ ಕಂಡುಬಂತು. ತಲೆಗೂದಲು ನರೆಯುವಂತೆ, ಮುಖದಲ್ಲಿ ಗೆರೆ ಮೂಡುವಂತೆ ಭುಜದೊಳಗಿನ ರಜ್ಜುಗಳೂ ವಯಸ್ಸಿನೊಂದಿಗೆ ಸವೆಯುತ್ತವೆ. ನನ್ನ ಹರುಕು ಆ ಪೆಟ್ಟಿಗೆಯಿಂದಲೇ ಆದದ್ದೋ, ಅದಕ್ಕೂ ಹತ್ತು ವರ್ಷ ಮೊದಲೇ ಸದ್ದಿಲ್ಲದೆ ಇದ್ದದ್ದೋ ಎಂಬುದನ್ನು ಆ ಚಿತ್ರ ಹೇಳಲಾರದು. ಹಾಗೆಂದು ಸ್ಕ್ಯಾನ್ ನಿರುಪಯುಕ್ತವೆಂದು ನಾನು ಹೇಳುತ್ತಿಲ್ಲ. ಬಿದ್ದ ಮೇಲೆ ತೋಳನ್ನು ಎತ್ತಲಿಕ್ಕೇ ಆಗದಂತಾದವರಲ್ಲಿ, ಶಸ್ತ್ರಚಿಕಿತ್ಸೆಯ ಪ್ರಶ್ನೆ ನಿಜವಾಗಿ ಎದ್ದಿರುವವರಲ್ಲಿ ಅದು ಬೇಕೇ ಬೇಕು. ನನ್ನಲ್ಲಿ ಅಂಥ ಪ್ರಶ್ನೆ ಎದ್ದಿರಲಿಲ್ಲ.

ಚಿತ್ರವನ್ನು ನಂಬಿ ಮೋಸಹೋದವರಲ್ಲಿ ನಾನೊಬ್ಬನೇ ಇಲ್ಲ ಎಂಬುದು ತುಸು ಸಮಾಧಾನ ಕೊಟ್ಟ ವಿಷಯ. ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್ 1972ರಲ್ಲಿ, ಭುಜದ ನೆತ್ತಿಯ ಮೂಳೆಯಾದ ಅಕ್ರೋಮಿಯನ್ ತನ್ನ ಕೆಳಗೆ ಹಾದುಹೋಗುವ ರಜ್ಜುವನ್ನು ಉಜ್ಜಿ ನೋಯಿಸುತ್ತದೆಂದೂ ಆ ಮೂಳೆಯ ಅಡಿಯನ್ನು ಕೊಂಚ ಹೆರೆದರೆ ನೋವು ಹೋಗುತ್ತದೆಂದೂ ಪ್ರತಿಪಾದಿಸಿದರು. ಯಾರಿಗಾದರೂ ಕೂಡಲೇ ಅರ್ಥವಾಗುವ ವಿವರಣೆ ಅದು: ಜಾಗ ಇಕ್ಕಟ್ಟಾಗಿದೆ, ಅಗಲ ಮಾಡೋಣ. ಹಲವು ದೇಶಗಳಲ್ಲಿ ದಶಕಗಳ ಕಾಲ ಈ ಶಸ್ತ್ರಚಿಕಿತ್ಸೆ ನಡೆಯಿತು, ಎಷ್ಟೋ ಜನರಿಗೆ ವಾಸಿಯೂ ಆಯಿತು. ಕೊನೆಗೆ ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ 313 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿ ಪರೀಕ್ಷಿಸಿದರು. ಒಂದು ಗುಂಪಿಗೆ ಮೂಳೆ ಹೆರೆದರು. ಇನ್ನೊಂದು ಗುಂಪಿಗೆ ದುರ್ಬೀನು ತೂರಿಸಿ ಒಳಗೆ ನೋಡಿ, ಏನನ್ನೂ ಹೆರೆಯದೆ ಹೊಲಿಗೆ ಹಾಕಿದರು. ಮೂರನೆಯ ಗುಂಪಿಗೆ ಯಾವ ಚಿಕಿತ್ಸೆಯನ್ನೂ ಕೊಡಲಿಲ್ಲ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾದ ಫಲಿತಾಂಶದ ಪ್ರಕಾರ, ಆರು ತಿಂಗಳ ನಂತರ ಮೂಳೆ ಹೆರೆಸಿಕೊಂಡವರಿಗೂ ಬರಿದೇ ಒಳಗೆ ನೋಡಿಸಿಕೊಂಡವರಿಗೂ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಏನನ್ನೂ ಮಾಡಿಸಿಕೊಳ್ಳದವರಿಗಿಂತ ಈ ಎರಡೂ ಗುಂಪಿನವರು ಕೊಂಚ ಮೇಲಿದ್ದರು. ಆದರೆ ಆ ಅಂತರವೂ ರೋಗಿಯ ಬದುಕಿನಲ್ಲಿ ಎದ್ದು ಕಾಣುವಷ್ಟು ದೊಡ್ಡದಾಗಿರಲಿಲ್ಲ. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಮಾರ್ಗದರ್ಶಿ ಸಮಿತಿ ಈ ಬಗೆಯ ನೋವಿಗೆ ಈ ಶಸ್ತ್ರಚಿಕಿತ್ಸೆ ಬೇಡವೆಂದು ಸ್ಪಷ್ಟವಾಗಿ ಹೇಳಿತು. ಹಾಗಾದರೆ ಅಷ್ಟು ವರ್ಷ ವಾಸಿಯಾದವರಿಗೆ ವಾಸಿ ಮಾಡಿದ್ದು ಯಾವುದು? ಕಾಲ, ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿ, ಬಳಿಕದ ವ್ಯಾಯಾಮ, ‘ಸರಿಪಡಿಸಿದ್ದಾರೆ, ಇನ್ನು ಕೈ ಆಡಿಸಬಹುದು’ ಎಂಬ ಧೈರ್ಯ. ಈ ಕೊನೆಯದನ್ನು ನಾನು ಹಗುರವಾಗಿ ನೋಡುವುದಿಲ್ಲ. ನನಗೆ ಇಲ್ಲದಿದ್ದದ್ದು ಅದೇ.

ಇಷ್ಟನ್ನು ಓದಿ ಭುಜದ ನೋವಿಗೆ ದೇಹದಲ್ಲಿ ಕಾರಣವೇ ಇಲ್ಲವೆಂದು ಯಾರೂ ತಿಳಿಯಬಾರದು. ಫ್ರೋಜನ್ ಶೋಲ್ಡರ್ ಆದವರನ್ನು ನೋಡಿದರೆ ಆ ಭ್ರಮೆ ಹರಿಯುತ್ತದೆ. ಈ ಹೆಸರನ್ನು 1934ರಲ್ಲಿ ಬಳಕೆಗೆ ತಂದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್, ಈ ಕಾಯಿಲೆಯನ್ನು ನಿರೂಪಿಸುವುದೂ ವಾಸಿಮಾಡುವುದೂ ವಿವರಿಸುವುದೂ ಕಷ್ಟವೆಂದು ಒಪ್ಪಿಕೊಂಡಿದ್ದರು. ಕೀಲನ್ನು ಸುತ್ತುವರಿದ ಚೀಲ ಉರಿಯೂತದಿಂದ ದಪ್ಪಗಾಗಿ ಕುಗ್ಗುತ್ತದೆ. ತೋಳನ್ನು ಹೊರಕ್ಕೆ ತಿರುಗಿಸಲು ರೋಗಿಗೂ ಆಗುವುದಿಲ್ಲ, ಹಿಡಿದು ತಿರುಗಿಸಲು ಹೋದ ವೈದ್ಯರಿಗೂ ಆಗುವುದಿಲ್ಲ. 40ರಿಂದ 60ರ ವಯಸ್ಸಿನಲ್ಲಿ, ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ತೊಂದರೆ ಇರುವವರಲ್ಲಿ ಇದು ಹೆಚ್ಚು. ಧೈರ್ಯ ತುಂಬಿದ ಮಾತ್ರಕ್ಕೆ ಆ ಚೀಲ ಹಿಗ್ಗುವುದಿಲ್ಲ. ಜೈವಿಕ ಕಾರಣಗಳಿಗೆ ಅವುಗಳ ಪಾಲಿನ ಗೌರವ ಸಲ್ಲಬೇಕು. ನನ್ನ ತಕರಾರು ಇರುವುದು ಎಲ್ಲ ಭುಜಗಳ ಪೂರ್ತಿ ಲೆಕ್ಕವನ್ನೂ ಅವುಗಳಿಂದಲೇ ಚುಕ್ತಾ ಮಾಡುವ ಅವಸರದ ಬಗ್ಗೆ.

ಮೂರು ತಿಂಗಳು ಮೀರಿದ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲಿಕ ಎನ್ನುತ್ತದೆ. ಈ ಗಡಿ ಕ್ಯಾಲೆಂಡರಿನ ಅನುಕೂಲಕ್ಕಾಗಿ ಎಳೆದದ್ದು. 90ನೆಯ ದಿನ ಭುಜದಲ್ಲಿ ಯಾವ ಬಾಗಿಲೂ ಮುಚ್ಚುವುದಿಲ್ಲ. ಆದರೂ ಸರಿಸುಮಾರು ಆ ಹೊತ್ತಿಗೆ ನನ್ನ ನೋವಿನ ನಡವಳಿಕೆ ಬದಲಾಗಿತ್ತು. ಮೊದಲು ತೋಳನ್ನು ಎತ್ತಿದಾಗ ಬರುತ್ತಿದ್ದದ್ದು ಈಗ ಎತ್ತುವ ಯೋಚನೆ ಬಂದಾಗಲೇ ಬರುತ್ತಿತ್ತು. ಒಂದು ಬಿಂದುವಿನಲ್ಲಿದ್ದದ್ದು ಕುತ್ತಿಗೆಗೂ ಹೆಗಲ ಹಲಗೆಗೂ ಹರಡಿತ್ತು. ಚೀಲದ ಪಟ್ಟಿ ತಾಗಿದರೂ ಸಿಡಿಯುತ್ತಿತ್ತು. ಪದೇಪದೇ ಬಂದ ಸಂಕೇತಗಳಿಂದ ಬೆನ್ನುಹುರಿಯ ನರಕೋಶಗಳೇ ಹೆಚ್ಚು ಚುರುಕಾಗಿ, ಅಲ್ಪ ಪ್ರಚೋದನೆಗೂ ದೊಡ್ಡದಾಗಿ ಸ್ಪಂದಿಸತೊಡಗುತ್ತವೆ ಎಂಬುದನ್ನು ನರವಿಜ್ಞಾನಿ ಕ್ಲಿಫರ್ಡ್ ವುಲ್ಫ್ 1983ರಲ್ಲಿ ಪ್ರಯೋಗದಿಂದ ತೋರಿಸಿದ್ದರು. ಅದಕ್ಕೂ ಮೊದಲು, 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬಿಬ್ಬರು ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳಿಗೊಂದು ದ್ವಾರವಿದೆಯೆಂದೂ ಅದನ್ನು ಎಷ್ಟು ತೆರೆಯಬೇಕು, ಎಷ್ಟು ಮುಚ್ಚಬೇಕೆಂಬುದರಲ್ಲಿ ಮಿದುಳಿನಿಂದ ಇಳಿದುಬರುವ ಆದೇಶಗಳ ಪಾತ್ರವೂ ಇದೆಯೆಂದೂ ವಾದಿಸಿದ್ದರು. ಅವರ ಸಿದ್ಧಾಂತದ ವಿವರಗಳು ಅನಂತರ ತಿದ್ದುಪಡಿಯಾಗಿವೆ. ಆದರೆ ಗಾಯವೆಷ್ಟೋ ನೋವೂ ಅಷ್ಟೇ ಎಂಬ ಹಳೆಯ ತ್ರೈರಾಶಿ ಅಲ್ಲಿಂದ ಮುಂದೆ ಮರಳಿ ನಿಲ್ಲಲಿಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 1979ರಲ್ಲಿ ಮಾಡಿ 2020ರಲ್ಲಿ ಪರಿಷ್ಕರಿಸಿದ ನಿರೂಪಣೆಯಲ್ಲೂ ನೋವೆಂದರೆ ಸಂವೇದನೆಯೂ ಭಾವನೆಯೂ ಕೂಡಿದ ಅಹಿತಕರ ಅನುಭವವೆಂದಿದೆ. ಅಂಗಾಂಶಕ್ಕೆ ಹಾನಿಯಾಗಿರಲೇಬೇಕೆಂಬ ಷರತ್ತು ಅಲ್ಲಿಲ್ಲ. ನೋವಿದೆಯೆಂದು ಒಬ್ಬರು ಹೇಳಿದರೆ ಆ ಮಾತಿಗೆ ಬೆಲೆ ಕೊಡಬೇಕೆಂದು ಅದರ ಟಿಪ್ಪಣಿ ಸೇರಿಸುತ್ತದೆ.

ಆ ಟಿಪ್ಪಣಿ ಏಕೆ ಬೇಕಾಯಿತೆಂಬುದು ದೀರ್ಘಕಾಲ ನೋವುಂಡವರಿಗೆ ಗೊತ್ತು. ಏಳನೆಯ ತಿಂಗಳಲ್ಲಿ ಪರಿಚಿತರೊಬ್ಬರು ನನ್ನ ಕಥೆ ಕೇಳಿ, ‘ಇದೆಲ್ಲ ಮನಸ್ಸಿನದು, ಬೇರೆ ಕಡೆ ಗಮನ ಕೊಡಿ’ ಎಂದರು. ಆ ಮಾತು ಭುಜಕ್ಕಿಂತ ಹೆಚ್ಚು ನೋಯಿಸಿತು. ನೋವಿನಲ್ಲಿ ಮನಸ್ಸಿನ ಪಾಲಿದೆ ಎಂಬುದಕ್ಕೂ ನೋವು ಬರೀ ಮನಸ್ಸಿನದು ಎಂಬುದಕ್ಕೂ ಅಜಗಜಾಂತರವಿದೆ. ಮೊದಲನೆಯದು ಎಲ್ಲ ನೋವಿಗೂ ಅನ್ವಯಿಸುವ ವಿವರಣೆ. ಎರಡನೆಯದು ನೋಯುತ್ತಿರುವವರ ಮೇಲೆ ಹೊರಿಸುವ ಆರೋಪ. ಭಯ, ನಿರೀಕ್ಷೆ, ಗಮನ, ಬೇಸರ ಇವೆಲ್ಲವೂ ನರಮಂಡಲದಲ್ಲಿ ನಡೆಯುವ ವ್ಯಾಪಾರಗಳೇ. ಸಂಕೇತವನ್ನು ಹಿಗ್ಗಿಸುವ, ಕುಗ್ಗಿಸುವ ಕೆಲಸದಲ್ಲಿ ಅವು ದೇಹದೊಳಗಿನ ಪಾಲುದಾರರು.

ನನ್ನ ಭಯದ ಲೆಕ್ಕವನ್ನು ಈಗ ಒಪ್ಪಿಸಬಲ್ಲೆ. ಹರಿದದ್ದು ಇನ್ನಷ್ಟು ಹರಿದೀತೆಂಬ ಅಂಜಿಕೆಯಿಂದ ಬಲಗೈಯನ್ನು ಮೈಗೆ ಅಂಟಿಸಿಕೊಂಡು ನಡೆದೆ. ಲೋಟವನ್ನು ಎಡಗೈಯಲ್ಲಿ ಎತ್ತಿದೆ, ಬಾಗಿಲನ್ನು ಎಡಗೈಯಲ್ಲಿ ತೆರೆದೆ, ಮೇಲಿನ ಕಪಾಟುಗಳನ್ನು ಖಾಲಿ ಮಾಡಿಸಿದೆ. ಬಳಸದ ಸ್ನಾಯು ಸೊರಗಿತು. ಸೊರಗಿದ ಸ್ನಾಯುವಿಗೆ ಚಿಕ್ಕ ಕೆಲಸವೂ ದೊಡ್ಡ ಭಾರವಾಯಿತು. ಆ ಭಾರಕ್ಕೆ ನೋವಾದಾಗಲೆಲ್ಲ ಹರುಕು ದೊಡ್ಡದಾಗಿರಬೇಕೆಂದು ನಂಬಿದೆ. ಭಯದಿಂದ ದೂರವಿರುವುದು, ದೂರವಿದ್ದದ್ದರಿಂದ ಶಕ್ತಿಗುಂದುವುದು, ಶಕ್ತಿಗುಂದಿದ್ದರಿಂದ ಮತ್ತೆ ಭಯಪಡುವುದು ಎಂಬ ಈ ಗಾಣದ ಸುತ್ತಾಟವನ್ನು ವ್ಲೇಯನ್ ಮತ್ತು ಲಿಂಟನ್ ಎಂಬ ಮನೋವಿಜ್ಞಾನಿಗಳು 2000ದಲ್ಲಿ ವಿಸ್ತಾರವಾಗಿ ವಿವರಿಸಿದ್ದಾರೆ. ಅದನ್ನು ಓದಿದಾಗ ನನ್ನನ್ನು ಮರೆಯಲ್ಲಿ ನಿಂತು ನೋಡಿ ಬರೆದಂತಿತ್ತು.

ಇನ್ನೂ ಹೆಚ್ಚು ಯೋಚನೆಗೆ ಹಚ್ಚಿದ್ದು ಇಂಗ್ಲೆಂಡಿನಲ್ಲಿ ಭುಜನೋವಿಗೆ ಫಿಸಿಯೋಥೆರಪಿ ಪಡೆದ 1,030 ಜನರನ್ನು ಆರು ತಿಂಗಳವರೆಗೆ ಗಮನಿಸಿದ ಅಧ್ಯಯನ. ಯಾರು ಚೇತರಿಸಿಕೊಳ್ಳುತ್ತಾರೆಂಬುದನ್ನು ಮುಂದಾಗಿ ಸೂಚಿಸುವುದರಲ್ಲಿ, ‘ನೋವಿದ್ದರೂ ನನ್ನ ಕೆಲಸಗಳನ್ನು ಮಾಡಬಲ್ಲೆ’ ಎಂಬ ಆತ್ಮವಿಶ್ವಾಸವೂ ‘ಈ ಚಿಕಿತ್ಸೆಯಿಂದ ಗುಣವಾದೀತು’ ಎಂಬ ನಿರೀಕ್ಷೆಯೂ ಎದ್ದು ಕಂಡವು. ಆರಂಭದಲ್ಲಿ ಹೆಚ್ಚು ನೋವಿದ್ದು ಆತ್ಮವಿಶ್ವಾಸವೂ ಹೆಚ್ಚಿದ್ದವರು, ಕಡಿಮೆ ನೋವಿದ್ದು ಆತ್ಮವಿಶ್ವಾಸವಿಲ್ಲದವರಷ್ಟೇ, ಕೆಲವೊಮ್ಮೆ ಅವರಿಗಿಂತಲೂ ಚೆನ್ನಾಗಿ ಸುಧಾರಿಸಿಕೊಂಡಿದ್ದರು. ಇದನ್ನು ‘ಧೈರ್ಯವಾಗಿರಿ’ ಎಂಬ ಉಪದೇಶವಾಗಿ ಓದಿದರೆ ತಪ್ಪಾಗುತ್ತದೆ. ಆತ್ಮವಿಶ್ವಾಸ ಹೇಳಿ ಕಲಿಸುವಂಥದ್ದಲ್ಲ. ಮಾಡಿ ನೋಡಿ, ಏನೂ ಆಗಲಿಲ್ಲವೆಂದು ಕಂಡ ಮೇಲೆ ಒಂದೊಂದೇ ಪದರವಾಗಿ ಕೂಡುವಂಥದ್ದು.

ನಿದ್ರೆಯ ವಿಷಯ ಇಲ್ಲಿ ಬರಬೇಕು. ಭುಜದ ನೋವು ರಾತ್ರಿ ಹೆಚ್ಚು ಕಾಡುತ್ತದೆ. ಆ ಮಗ್ಗುಲಿಗೆ ಹೊರಳಿದಾಗ ಎಚ್ಚರವಾಗುತ್ತದೆ. ನಿದ್ರೆಗೆಟ್ಟವರಲ್ಲಿ ನೋವನ್ನು ತಾಳುವ ಶಕ್ತಿ ಕುಗ್ಗುತ್ತದೆಂಬುದನ್ನು ಪ್ರಯೋಗಗಳು ತೋರಿಸಿವೆ. ನನ್ನ ಅನುಭವದಲ್ಲಂತೂ ಸರಿಯಾಗಿ ಮಲಗಿ ಎದ್ದ ದಿನದ ಭುಜವೇ ಬೇರೆ, ಮೂರು ಗಂಟೆ ಮಲಗಿ ಎದ್ದ ದಿನದ ಭುಜವೇ ಬೇರೆ. ಕಂಕುಳಡಿ ಒಂದು ದಿಂಬಿಟ್ಟುಕೊಳ್ಳಲು ಯಾರೋ ಹೇಳಿಕೊಟ್ಟದ್ದು ಎರಡು ತಿಂಗಳ ಮಾತ್ರೆಗಳಿಗಿಂತ ಹೆಚ್ಚು ಉಪಕಾರ ಮಾಡಿತು.

ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನವೊಂದರಲ್ಲಿ, ಕಾಯಿಲೆಯನ್ನು ಜೈವಿಕ, ಮಾನಸಿಕ, ಸಾಮಾಜಿಕ ಎಂಬ ಮೂರು ನೆಲೆಗಳಲ್ಲೂ ನೋಡದ ವೈದ್ಯಕೀಯ ಅರೆಬರೆಯಾದದ್ದೆಂದು ವಾದಿಸಿದರು. ಅಂದಿನಿಂದ ಈ ಮೂರು ಪದಗಳು ಒಟ್ಟಿಗೇ ಸಂಚರಿಸುತ್ತಿವೆ, ಆದರೆ ಸರಿಸಮಾನವಾಗಿ ಅಲ್ಲ. ಜೈವಿಕದ ಬಗ್ಗೆ ಹೇಳಲು ಸ್ಕ್ಯಾನ್ ಇದೆ, ಮಾನಸಿಕದ ಬಗ್ಗೆ ಕೇಳಲು ಪ್ರಶ್ನಾವಳಿಗಳಿವೆ. ಸಾಮಾಜಿಕದ ಸರದಿ ಬರುವಷ್ಟರಲ್ಲಿ ರೋಗಿಯ ಸಮಯ ಮುಗಿದಿರುತ್ತದೆ. ಮೂರರಲ್ಲಿ ಇದೇ ಹೆಚ್ಚು ಉಪೇಕ್ಷೆಗೆ ಗುರಿಯಾದದ್ದೆಂದು ನನ್ನ ಅನಿಸಿಕೆ.

ದಿನವಿಡೀ ತಲೆಯ ಮೇಲೆ ಕೈಯೆತ್ತಿ ದುಡಿಯುವವರಿಗೆ, ಭಾರ ಎತ್ತುವವರಿಗೆ, ಅದುರುವ ಯಂತ್ರಗಳನ್ನು ಹಿಡಿಯುವವರಿಗೆ ಭುಜನೋವಿನ ಅಪಾಯ ಹೆಚ್ಚೆಂಬುದು ಸುಲಭವಾಗಿ ಒಪ್ಪಿಗೆಯಾಗುವ ಮಾತು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇದೆ: ನೋವಾದಾಗ ಕೈ ಇಳಿಸುವ ಅಧಿಕಾರ ಯಾರಿಗಿದೆ? ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲಿ ತೋರಿಸಿದ್ದೇನೆಂದರೆ, ಕೆಲಸದ ಒತ್ತಡ ಹೆಚ್ಚಿರುವುದಕ್ಕಿಂತಲೂ, ಒತ್ತಡ ಹೆಚ್ಚಿದ್ದು ಕೆಲಸದ ಮೇಲೆ ತನ್ನ ಹಿಡಿತ ಕಡಿಮೆಯಿರುವುದು ದುಡಿಯುವವನನ್ನು ಹೆಚ್ಚು ಹಣ್ಣು ಮಾಡುತ್ತದೆ. ಗೋಡೆಗೆ ಬಣ್ಣ ಬಳಿಯುವ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರ ರಜ್ಜುವಿನಲ್ಲೂ ಒಂದೇ ಅಳತೆಯ ಹರುಕಿದೆ. ಒಬ್ಬಳು ತನ್ನದೇ ಗುತ್ತಿಗೆ ಹಿಡಿದವಳು. ಎರಡು ವಾರ ಛಾವಣಿಯ ಕೆಲಸವನ್ನು ಜೊತೆಯವರಿಗೆ ಬಿಟ್ಟು ಕೆಳಗಿನ ಗೋಡೆಗಳನ್ನು ಬಳಿಯಬಲ್ಲಳು. ಇನ್ನೊಬ್ಬನಿಗೆ ದಿನಗೂಲಿ, ಒಂದು ದಿನ ತಪ್ಪಿದರೆ ಅಂದಿನ ಕೂಲಿಯಿಲ್ಲ, ಮೂರು ದಿನ ತಪ್ಪಿದರೆ ಕೆಲಸವೇ ಇಲ್ಲ. ಆರು ತಿಂಗಳ ನಂತರ ಈ ಎರಡು ಭುಜಗಳು ಒಂದೇ ರೀತಿ ಇರುವುದಿಲ್ಲ. ಅವರ ಎಂಆರ್‌ಐ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಎಷ್ಟು ದಿಟ್ಟಿಸಿದರೂ ಏಕೆಂದು ತಿಳಿಯುವುದಿಲ್ಲ. ದಿನಕ್ಕೆ ಮೂರು ಸಲ ಈ ವ್ಯಾಯಾಮ ಮಾಡಿ ಎಂದು ಬರೆದುಕೊಡುವ ಚೀಟಿಯೂ ದಿನಕ್ಕೆ ಮೂರು ಸಲ ಬಿಡುವಿರುವವರನ್ನು ಉದ್ದೇಶಿಸಿಯೇ ಇರುತ್ತದೆ. ಎಳೆಯ ಮಗುವನ್ನು ಎತ್ತಿಕೊಳ್ಳಬೇಕಾದ ತಾಯಿಗೆ, ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ ಮಲಗಿಸುವ ಮಗಳಿಗೆ ‘ಭಾರ ಎತ್ತಬೇಡಿ’ ಎಂಬ ಸಲಹೆಯನ್ನು ಪಾಲಿಸುವ ದಾರಿ ಯಾವುದು?

ನನ್ನ ಸ್ಥಿತಿ ಅದಕ್ಕೆ ವಿರುದ್ಧವಾಗಿತ್ತು. ನನಗೆ ಆಸರೆ ಕೊರತೆಯಾಗಿರಲಿಲ್ಲ, ಅತಿಯಾಗಿತ್ತು. ಮನೆಯವರು ಪ್ರೀತಿಯಿಂದಲೇ ನನ್ನ ಕೈಯಿಂದ ಚೊಂಬನ್ನೂ ಕಸಿದುಕೊಂಡರು. ನಾನು ತೋಳನ್ನು ಕೊಂಚ ಎತ್ತಿದರೂ ಅವರ ಮುಖ ಚಿಂತೆಯಿಂದ ಕುಗ್ಗುತ್ತಿತ್ತು, ಅದನ್ನು ನೋಡಿ ನಾನು ತೋಳನ್ನು ಇಳಿಸುತ್ತಿದ್ದೆ. ಕಚೇರಿಯಲ್ಲಿ ಮೊದಲ ತಿಂಗಳು ವಿಚಾರಿಸುತ್ತಿದ್ದವರು ಐದನೆಯ ತಿಂಗಳಿಗೆ ಕೇಳುವುದನ್ನು ನಿಲ್ಲಿಸಿದ್ದರು. ಕೈಗೆ ಪ್ಲಾಸ್ಟರ್ ಹಾಕಿದ್ದರೆ ಇನ್ನಷ್ಟು ದಿನ ಕೇಳುತ್ತಿದ್ದರೇನೋ. ಕಣ್ಣಿಗೆ ಕಾಣದ ನೋವಿಗೆ ಸಾಕ್ಷಿ ಒದಗಿಸುವ ಕೆಲಸ ನೋಯುವವರದೇ ಆಗುತ್ತದೆ, ಸಾಕ್ಷಿ ಒದಗಿಸಲು ನೋವನ್ನು ಸದಾ ನೆನೆಯುತ್ತಿರಬೇಕಾಗುತ್ತದೆ. ವರದಿಯ ಕಾಗದವನ್ನು ನಾನು ಮಡಿಸಿ ಚೀಲದಲ್ಲೇ ಇಟ್ಟುಕೊಂಡು ಓಡಾಡಿದ್ದು ಈ ಕಾರಣಕ್ಕೇ ಇರಬೇಕು.

ಹತ್ತನೆಯ ತಿಂಗಳಲ್ಲಿ ನಾನು ಹೋದ ಫಿಸಿಯೋಥೆರಪಿಸ್ಟ್ ಆ ಕಾಗದವನ್ನು ಓದಿ ಮಡಿಸಿ ಪಕ್ಕಕ್ಕಿಟ್ಟರು. ‘ಈ ಕೈಯಿಂದ ಏನು ಮಾಡಬೇಕೆಂದು ಮಾಡದೆ ಬಿಟ್ಟಿದ್ದೀರಿ?’ ಎಂದು ಕೇಳಿದರು. ಅಷ್ಟು ತಿಂಗಳಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. ಉತ್ತರಿಸಲು ನನಗೆ ಹೊತ್ತು ಹಿಡಿಯಿತು. ಅವರು ಕೊಟ್ಟ ವ್ಯಾಯಾಮಗಳಲ್ಲಿ ಗುಟ್ಟೇನೂ ಇರಲಿಲ್ಲ. ಗೋಡೆಯ ಮೇಲೆ ಬೆರಳುಗಳನ್ನು ನಡೆಸಿ ಕೈಯನ್ನು ಏರಿಸುವುದು, ರಬ್ಬರ್ ಪಟ್ಟಿ ಎಳೆಯುವುದು, ಮೊದಲು ಅರ್ಧ ಲೀಟರಿನ, ಬಳಿಕ ಒಂದು ಲೀಟರಿನ ನೀರಿನ ಬಾಟಲಿ ಎತ್ತುವುದು. ವ್ಯತ್ಯಾಸವಿದ್ದದ್ದು ಅವರು ಹಾಕಿಕೊಟ್ಟ ಒಂದು ನಿಯಮದಲ್ಲಿ: ವ್ಯಾಯಾಮದಿಂದ ಹೆಚ್ಚಿದ ನೋವು ಮರುದಿನ ಬೆಳಿಗ್ಗೆಯ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಸಬೇಕು, ಇಳಿಯದಿದ್ದರೆ ಅಂದು ಕಡಿಮೆ ಮಾಡಬೇಕು. ನೋವನ್ನು ಹರುಕಿನ ಸುದ್ದಿಯಾಗಿ ಓದುತ್ತಿದ್ದ ನಾನು ಹಾಗೆ ಅದನ್ನು ಭಾರದ ಲೆಕ್ಕವಾಗಿ ಓದಲು ಕಲಿತೆ. ಮನೆಯವರನ್ನೂ ಒಂದು ದಿನ ಕರೆಸಿ, ಚೊಂಬನ್ನು ನನ್ನ ಕೈಯಲ್ಲೇ ಬಿಡುವಂತೆ ಅವರಿಗೆ ಹೇಳಿದರು.

ನಾಲ್ಕು ತಿಂಗಳಾದ ಮೇಲೆ ನೋವು ಬಹುತೇಕ ಇಳಿದಾಗ, ಹರಿದದ್ದು ಕೂಡಿಕೊಂಡಿದೆಯೇ ನೋಡಲು ಇನ್ನೊಂದು ಎಂಆರ್‌ಐ ಮಾಡಿಸಲೇ ಎಂದು ಕೇಳಿದೆ. ‘ಮಾಡಿಸಬಹುದು. ಅದು ಇನ್ನೂ ಹಾಗೇ ಇದ್ದರೆ ಏನು ಮಾಡುತ್ತೀರಿ?’ ಎಂದರು. ಉತ್ತರ ಹೊಳೆಯಲಿಲ್ಲ. ಹಳೆಯ ವರದಿಯನ್ನು ತೆಗೆದುಕೊಂಡು ಮನೆಗೆ ಬಂದು, ಮೇಲಿನ ಕಪಾಟಿನಲ್ಲಿ ಉಳಿದ ಕಾಗದಗಳ ಜೊತೆ ಸೇರಿಸಿದೆ. ಎರಡನೆಯ ಸ್ಕ್ಯಾನ್ ಇದುವರೆಗೂ ಮಾಡಿಸಿಲ್ಲ.